ಸಮುದ್ರಕ್ಕೆ ಹೋಗುವವರ ಕಾಗದಪತ್ರ

1843ರಲ್ಲಿ ಲಂಡನ್ನಿನ ವಿದೇಶಾಂಗ ಕಚೇರಿಯಿಂದ ಒಂದು ಸುತ್ತೋಲೆ ಹೊರಟಿತು. ಜೇಮ್ಸ್ ಮರ್ರೆ ಎಂಬ ಅಧಿಕಾರಿ ಪರದೇಶದ ಬಂದರುಗಳಲ್ಲಿದ್ದ ಬ್ರಿಟಿಷ್ ಕಾನ್ಸಲ್‌ಗಳಿಗೆ ಬರೆದು, ಅಲ್ಲಿಗೆ ಬರುವ ಬ್ರಿಟಿಷ್ ವ್ಯಾಪಾರಿ ಹಡಗುಗಳ ಕಪ್ತಾನರು ಎಂಥವರು, ಅವರಿಗೆ ಕೆಲಸ ಬರುತ್ತದೆಯೇ, ನಡತೆ ಹೇಗಿದೆ ಎಂದು ಕೇಳಿದ್ದರು. ಬಂದ ಉತ್ತರಗಳು ಓದಲು ಮುಜುಗರವಾಗುವಂತಿದ್ದವು. ಕುಡಿದು ಬಿದ್ದಿರುವವರು, ನಕ್ಷೆ ನೋಡಲು ಬಾರದವರು, ತಮ್ಮ ಹೆಸರನ್ನೇ ನೆಟ್ಟಗೆ ಬರೆಯಲಾರದವರು ಹಡಗು ನಡೆಸುತ್ತಿದ್ದಾರೆ ಎಂದು ಒಂದರ ಹಿಂದೊಂದು ಬಂದರಿನಿಂದ ದೂರು ಬಂತು. ಜಗತ್ತಿನ ಅತಿ ದೊಡ್ಡ ವ್ಯಾಪಾರಿ ನೌಕಾಬಲ ಎಂದು ಹೇಳಿಕೊಳ್ಳುತ್ತಿದ್ದ ದೇಶದ ಕಥೆ ಇದು.

ಆಗ ಇದು ಕಾನೂನಿಗೆ ವಿರುದ್ಧವೇನೂ ಆಗಿರಲಿಲ್ಲ. ಹಡಗಿನ ಒಡೆಯ ಯಾರನ್ನು ನಂಬುತ್ತಾನೋ ಅವನೇ ಕಪ್ತಾನ. ಒಡೆಯನ ಅಳಿಯನಾಗಿದ್ದರೂ ನಡೆಯುತ್ತಿತ್ತು. 1836ರಲ್ಲಿ ಹಡಗು ಒಡೆತಗಳ ಕಾರಣ ಹುಡುಕಲು ಕೂತ ಸಂಸದೀಯ ಸಮಿತಿ, ಗಾಳಿಮಳೆಯ ಜೊತೆಗೆ ಕಪ್ತಾನ ಮತ್ತು ಅವನ ಕೈಕೆಳಗಿನ ಅಧಿಕಾರಿಗಳಾದ ಮೇಟ್‌ಗಳ ಅಜ್ಞಾನವನ್ನೂ ಕುಡಿತವನ್ನೂ ಕಾರಣಗಳ ಪಟ್ಟಿಯಲ್ಲಿ ಬರೆದಿತ್ತು. ಆದರೂ ಪರೀಕ್ಷೆ ಕಡ್ಡಾಯ ಮಾಡಲು ಹಡಗಿನ ಒಡೆಯರು ಒಪ್ಪಲಿಲ್ಲ. 1845ರಲ್ಲಿ ‘ಬೇಕಿದ್ದವರು ಬರೆಯಿರಿ’ ಎಂಬ ಐಚ್ಛಿಕ ಪರೀಕ್ಷೆ ಶುರುವಾಯಿತು. 1850ರ ಕಾಯ್ದೆ ಬಂದ ಮೇಲೆಯೇ ಪರದೇಶಕ್ಕೆ ಹೋಗುವ ಬ್ರಿಟಿಷ್ ಹಡಗಿನ ಕಪ್ತಾನನಿಗೂ ಮೇಟ್‌ಗಳಿಗೂ ಅರ್ಹತಾ ಪತ್ರ ಕಡ್ಡಾಯವಾದದ್ದು. ಬೋರ್ಡ್ ಆಫ್ ಟ್ರೇಡ್ ಎಂಬ ವಾಣಿಜ್ಯ ಇಲಾಖೆಗೆ ಈ ಕೆಲಸ ವಹಿಸಲಾಯಿತು. ಹಿಂದಿನಿಂದ ಹಡಗು ನಡೆಸುತ್ತಿದ್ದವರನ್ನು ಮನೆಗೆ ಕಳುಹಿಸಲಾಗದು. ಅವರಿಗೆ ಪರೀಕ್ಷೆಯಿಲ್ಲದೆ ಸೇವಾ ಪತ್ರ ಕೊಟ್ಟರು. ಉಗಿ ಎಂಜಿನ್ ಹಡಗಿನ ಹೊಟ್ಟೆ ಸೇರಿದ ಮೇಲೆ, 1862ರಲ್ಲಿ ಎಂಜಿನಿಯರರೂ ಪರೀಕ್ಷೆಯ ಕೋಣೆಗೆ ಬಂದರು. ಹಡಗಿನವರ ಬಾಯಲ್ಲಿ ಈ ಪತ್ರಕ್ಕೆ ‘ಟಿಕೆಟ್’ ಎಂದೇ ಹೆಸರು. ಇಂದಿಗೂ ಮುಂಬೈಯಲ್ಲಿ ಓದಲು ಕೂತ ಸೆಕೆಂಡ್ ಮೇಟ್ ಹುಡುಗ ತನ್ನದನ್ನು ಟಿಕೆಟ್ ಎಂದೇ ಕರೆಯುತ್ತಾನೆ.

ಆ ಪರೀಕ್ಷೆ ಹೇಗಿತ್ತು ಎಂದು ತಿಳಿಯಲು ಜೋಸೆಫ್ ಕಾನ್ರಾಡ್‌ನ ಬದುಕಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಮುಂದೆ ಇಂಗ್ಲಿಷಿನ ದೊಡ್ಡ ಕಾದಂಬರಿಕಾರನಾದ ಈ ಪೋಲೆಂಡಿನವನು 1878ರಲ್ಲಿ ಇಂಗ್ಲೆಂಡಿನ ದಡ ಮುಟ್ಟಿದಾಗ ಅವನಿಗೆ ಬರುತ್ತಿದ್ದ ಇಂಗ್ಲಿಷ್ ಅತ್ಯಲ್ಪ. ಎರಡೇ ವರ್ಷದಲ್ಲಿ, 1880ರಲ್ಲಿ, ಸೆಕೆಂಡ್ ಮೇಟ್ ಪರೀಕ್ಷೆಗೆ ಕೂತ. ಅದಕ್ಕೆ ನಾಲ್ಕು ವರ್ಷದ ಸಮುದ್ರ ಸೇವೆ ಬೇಕಿತ್ತು. ಅಷ್ಟು ಅವನಿಗೆ ಆಗಿರಲಿಲ್ಲ. ಫ್ರೆಂಚ್ ಹಡಗುಗಳಲ್ಲಿ ಕಳೆದ ಕಾಲವನ್ನು ಅರ್ಜಿಯಲ್ಲಿ ಹಿಗ್ಗಿಸಿ ಬರೆದಿದ್ದನೆಂದು ಅವನ ಜೀವನ ಚರಿತ್ರೆ ಬರೆದವರು ಕಾಗದಗಳನ್ನು ಹೋಲಿಸಿ ಕಂಡುಕೊಂಡಿದ್ದಾರೆ. ಲಂಡನ್ನಿನ ಬಂದರು ಬೀದಿಗಳಲ್ಲಿ ಆ ಕಾಲಕ್ಕೇ ಪರೀಕ್ಷೆಗೆ ಗಿಳಿಪಾಠ ಮಾಡಿಸುವ ಶಾಲೆಗಳಿದ್ದವು, ಕಾನ್ರಾಡ್ ಅಂಥದ್ದೊಂದಕ್ಕೆ ಸೇರಿದ್ದ. ಲೆಕ್ಕಗಳನ್ನು ಅಲ್ಲಿ ಕಲಿಯಬಹುದಿತ್ತು. ಮೌಖಿಕ ಪರೀಕ್ಷೆಗೆ ಅದು ಸಾಲುತ್ತಿರಲಿಲ್ಲ. ಹಳೆಯ ಕಪ್ತಾನನೊಬ್ಬ ಎದುರು ಕೂತು, ಕಲ್ಪನೆಯ ಒಂದು ಹಡಗನ್ನು ಅಭ್ಯರ್ಥಿಯ ಕೈಗೆ ಕೊಡುತ್ತಿದ್ದ. ಗಾಳಿ ಇಂಥ ದಿಕ್ಕಿನಿಂದ, ದಡ ಇಷ್ಟು ಹತ್ತಿರ, ಈಗ ಏನು ಮಾಡುತ್ತೀ? ಉತ್ತರ ಮುಗಿಯುವ ಮುನ್ನವೇ ಒಂದು ಕಂಬ ಮುರಿದುಬೀಳುತ್ತಿತ್ತು, ಒಂದು ಹಾಯಿ ಹರಿಯುತ್ತಿತ್ತು. ತನ್ನ ಎರಡನೆಯ ಪರೀಕ್ಷೆಯಲ್ಲಿ ಕೊನೆಗೆ ಲಂಗರುಗಳೂ ಉಳಿಯದೆ ಹೋದ ಬಗೆಯನ್ನು ಕಾನ್ರಾಡ್ ತನ್ನ ನೆನಪಿನ ಪುಸ್ತಕದಲ್ಲಿ ಸವಿಸ್ತಾರ ಬರೆದಿದ್ದಾನೆ.

ಅಲ್ಲಿ ಬರೆಯದೆ ಬಿಟ್ಟದ್ದೂ ಇದೆ. 1884ರ ನವೆಂಬರಿನಲ್ಲಿ ಫಸ್ಟ್ ಮೇಟ್ ಪರೀಕ್ಷೆಯಲ್ಲಿ ಅವನು ನಪಾಸಾಗಿ, ಡಿಸೆಂಬರಿನಲ್ಲಿ ಮತ್ತೆ ಕೂತು ಪಾಸಾದ. 1886ರ ಜುಲೈಯಲ್ಲಿ ಕಪ್ತಾನನ ಪರೀಕ್ಷೆಯಲ್ಲೂ ಬಿದ್ದ. ಆ ಆಗಸ್ಟಿನಲ್ಲಿ ಬ್ರಿಟಿಷ್ ಪೌರತ್ವ ಬಂತು, ನವೆಂಬರಿನಲ್ಲಿ ಮತ್ತೆ ಬರೆದು ಗೆದ್ದ. ಪರದೇಶಿಯೊಬ್ಬ, ಕಲಿತ ಮೂರನೆಯ ಭಾಷೆಯಲ್ಲಿ, ಎಂಟು ವರ್ಷಗಳಲ್ಲಿ ಬ್ರಿಟಿಷ್ ಹಡಗಿನ ಕಪ್ತಾನನಾಗುವ ಹಕ್ಕು ಪಡೆದ. ಪರೀಕ್ಷೆಯೆಂಬುದು ಇಲ್ಲದಿದ್ದರೆ ಇದು ಆಗುತ್ತಿರಲಿಲ್ಲ. ಒಡೆಯನ ಅಳಿಯನಲ್ಲದವನಿಗೆ ಆ ಕೋಣೆಯೇ ಬಾಗಿಲಾಗಿತ್ತು.

ಕೆಳಗಿನ ಡೆಕ್ಕಿನವರ ಕಾಗದದ ಸ್ವಭಾವವೇ ಬೇರೆ. 1844ರ ಕಾಯ್ದೆಯೊಂದು ಬ್ರಿಟನ್ನಿನಿಂದ ಹೊರಡುವ ಪ್ರತಿಯೊಬ್ಬ ಬ್ರಿಟಿಷ್ ನಾವಿಕನೂ ನೋಂದಣಿ ಚೀಟಿ ಇಟ್ಟುಕೊಳ್ಳಬೇಕೆಂದಿತು. ಎಲ್ಲಿ ಹುಟ್ಟಿದ, ಎತ್ತರ ಎಷ್ಟು, ಕೂದಲಿನ ಬಣ್ಣ, ಮೈಬಣ್ಣ, ಮಚ್ಚೆ, ಗಾಯದ ಕಲೆ, ಹಚ್ಚೆ ಎಲ್ಲವನ್ನೂ ಅದರಲ್ಲಿ ಬರೆಯುತ್ತಿದ್ದರು. ಯುದ್ಧ ಬಂದರೆ ನೌಕಾಪಡೆಗೆ ಎಷ್ಟು ಜನರನ್ನು ಎಳೆದುಕೊಳ್ಳಬಹುದು ಎಂಬ ಲೆಕ್ಕ ಅದರ ಹಿಂದಿತ್ತು. ನಾವಿಕರಿಗೆ ಅದು ಗೊತ್ತಿತ್ತು. ಚೀಟಿಯನ್ನು ಅವರು ದ್ವೇಷಿಸಿದರು, ಕಳೆದುಕೊಂಡರು, ಮಾರಿಕೊಂಡರು. 1853ರಲ್ಲಿ ಸರ್ಕಾರವೇ ಅದನ್ನು ಕೈಬಿಟ್ಟಿತು.

ಉಳಿದುಕೊಂಡದ್ದು ಬಿಡುಗಡೆ ಪತ್ರ. ಯಾನ ಮುಗಿದು ಹಡಗಿನಿಂದ ಇಳಿಯುವಾಗ ಕಪ್ತಾನ ಕೊಡುವ ಕಾಗದ ಅದು. ಕೆಲಸ ಹೇಗೆ, ನಡತೆ ಹೇಗೆ ಎಂದು ಎರಡು ಕಡೆ ಮುದ್ರೆ ಬೀಳುತ್ತಿತ್ತು. ‘ವಿ.ಜಿ.’ ಎಂದರೆ ಬಹಳ ಒಳ್ಳೆಯದು. ಕಪ್ತಾನನಿಗೆ ಮುನಿಸಿದ್ದರೆ ‘ಡಿ.ಆರ್.’, ಅಂದರೆ ಹೇಳಲು ನಿರಾಕರಿಸಿದ್ದೇನೆ ಎಂದು ಬರೆಯುತ್ತಿದ್ದ. ಆ ಎರಡು ಅಕ್ಷರ ಬಿದ್ದವನನ್ನು ಮುಂದಿನ ಹಡಗು ಸೇರಿಸಿಕೊಳ್ಳುವುದು ದುಸ್ತರ. ಬಿಡಿ ಕಾಗದಗಳಾಗಿದ್ದಾಗ ಕೆಟ್ಟದ್ದನ್ನು ಹರಿದು ಸಮುದ್ರಕ್ಕೆ ಎಸೆಯಬಹುದಿತ್ತು. 1900ರಲ್ಲಿ ಅವನ್ನೆಲ್ಲ ಒಂದೇ ಪುಸ್ತಕಕ್ಕೆ ಸೇರಿಸಿ ‘ನಿರಂತರ ಬಿಡುಗಡೆ ಪತ್ರ’ ಮಾಡಿದ ಮೇಲೆ ಆ ದಾರಿಯೂ ಮುಚ್ಚಿತು. ಇಂದು ಭಾರತದ ಹಡಗಿನವರು ಸಿ.ಡಿ.ಸಿ. ಎಂದು ಕರೆಯುವುದು ಇದೇ ಪುಸ್ತಕದ ಸಂತತಿಯನ್ನು.

ಟಿಕೆಟ್‌ನಲ್ಲಿರುವುದು ನಾವಿಕ ತಾನಾಗಿ ಕೊಟ್ಟ ಉತ್ತರಗಳ ಫಲ. ಬಿಡುಗಡೆ ಪತ್ರದಲ್ಲಿರುವುದು ಅವನ ಬಗ್ಗೆ ಬೇರೆಯವರು ಬರೆದದ್ದು. ಈ ವ್ಯತ್ಯಾಸದ ಪೂರ್ತಿ ಭಾರ ಬಿದ್ದದ್ದು ಭಾರತದ ಬಂದರುಗಳ ಮೇಲೆ.

1859ರ ಒಂದನೆಯ ಕಾಯ್ದೆ ಮುಂಬೈ, ಕಲ್ಕತ್ತೆಯಂಥ ಬಂದರುಗಳಲ್ಲಿ ಶಿಪ್ಪಿಂಗ್ ಕಚೇರಿಗಳನ್ನೂ ಶಿಪ್ಪಿಂಗ್ ಮಾಸ್ಟರನನ್ನೂ ತಂದಿತು. ಖಲಾಸಿಗಳು ಒಪ್ಪಂದಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದದ್ದು ಅಲ್ಲಿ, ಬಿಡುಗಡೆ ಪತ್ರ ಪಡೆಯುತ್ತಿದ್ದದ್ದೂ ಅಲ್ಲಿ. ಕಲ್ಕತ್ತೆಯಲ್ಲಿ ಹಡಗು ಹತ್ತುತ್ತಿದ್ದ ಸಿಲ್ಹೆಟ್ಟಿನ ಜನ ಆ ಪತ್ರವನ್ನು ‘ನೊಲ್ಲಿ’ ಎನ್ನುತ್ತಿದ್ದರು. ನೊಲ್ಲಿ ಇಲ್ಲದವನಿಗೆ ಹಡಗಿಲ್ಲ. ಆದರೆ ನೊಲ್ಲಿ ಇದ್ದ ಮಾತ್ರಕ್ಕೆ ಹಡಗು ಸಿಗುತ್ತಿರಲೂ ಇಲ್ಲ. ಕಚೇರಿಗೂ ಖಲಾಸಿಗೂ ನಡುವೆ ಘಾಟ್ ಸೆರಂಗ ಎಂಬ ದಲ್ಲಾಳಿ ನಿಂತಿದ್ದ. ಯಾವ ಹಡಗಿಗೆ ಯಾವ ಸೆರಂಗ, ಅಂದರೆ ಖಲಾಸಿಗಳ ಮೇಸ್ತ್ರಿ, ಆ ಸೆರಂಗನ ಕೈಕೆಳಗೆ ಯಾರು ಯಾರು ಎಂದು ನಿರ್ಧರಿಸುವವನು ಅವನೇ. ಕೆಲಸಕ್ಕೆ ಕಾಯುವ ತಿಂಗಳುಗಳಲ್ಲಿ ಉಣ್ಣಲು, ಮಲಗಲು ಬೇಕಾದ ಹಣವನ್ನು ಬಡ್ಡಿಗೆ ಕೊಡುವವನೂ ಅವನೇ ಅಥವಾ ಅವನಿಗೆ ಬೇಕಾದ ಛತ್ರದವನು. ಹಡಗು ಹತ್ತುವಾಗಲೇ ಮೊದಲ ಕೆಲವು ತಿಂಗಳ ಸಂಬಳ ಅವರ ಪಾಲಾಗಿರುತ್ತಿತ್ತು.

ಇದು ಸಣ್ಣ ಗುಂಪೊಂದರ ಕಥೆಯಲ್ಲ. 1914ರ ಹೊತ್ತಿಗೆ ಬ್ರಿಟಿಷ್ ವ್ಯಾಪಾರಿ ಹಡಗುಗಳಲ್ಲಿ 50 ಸಾವಿರಕ್ಕೂ ಹೆಚ್ಚು ಲಾಸ್ಕರರು, ಅಂದರೆ ಇಂಥ ಖಲಾಸಿಗಳು, ದುಡಿಯುತ್ತಿದ್ದರು. ಅಂದರೆ ಹೆಚ್ಚುಕಡಿಮೆ ಆರು ಜನರಲ್ಲಿ ಒಬ್ಬ. ಡೆಕ್ಕಿಗೆ ರತ್ನಾಗಿರಿ, ಗುಜರಾತಿನ ಕರಾವಳಿಯವರು, ಬೆಂಕಿಯ ಕೋಣೆಗೆ ಪಂಜಾಬು, ಸಿಲ್ಹೆಟ್ಟಿನವರು, ಅಡುಗೆ ಮತ್ತು ಊಟದ ಕೋಣೆಗೆ ಗೋವಾದವರು ಎಂದು ಕಂಪನಿಗಳು ಜನರನ್ನು ಹಂಚಿಕೊಂಡಿದ್ದವು. ಗೋವಾದ ಹಳ್ಳಿಗಳು ಮುಂಬೈಯ ಧೋಬಿ ತಲಾವ್ ಸುತ್ತ ತಮ್ಮೂರಿನ ಹೆಸರಿನಲ್ಲೇ ‘ಕೂಡ್’ ಎಂಬ ತಂಗುಮನೆಗಳನ್ನು ಕಟ್ಟಿಕೊಂಡವು. ಹಡಗಿಗೆ ಕಾಯುವವನಿಗೆ ಅಲ್ಲೊಂದು ಪೆಟ್ಟಿಗೆ ಇಡುವಷ್ಟು ಜಾಗ, ಹಾಡಲು ಊರಿನ ಪ್ರಾರ್ಥನೆ ಸಿಗುತ್ತಿತ್ತು. ದಲ್ಲಾಳಿಯ ಛತ್ರದಿಂದ ತಪ್ಪಿಸಿಕೊಳ್ಳಲು ಬಡವರು ತಾವೇ ಹುಡುಕಿಕೊಂಡ ಈ ಉಪಾಯ ಯಾವ ಸರ್ಕಾರಿ ಸಮಿತಿಗೂ ಹೊಳೆದಿರಲಿಲ್ಲ ಎಂಬುದನ್ನು ಗಮನಿಸಬೇಕು. ಆಗ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಉತ್ತರ ಕನ್ನಡದ ಕರಾವಳಿಯವರಿಗೂ ದೊಡ್ಡ ಹಡಗಿನ ದಾರಿ ಮುಂಬೈಯ ಮೂಲಕವೇ ಇತ್ತು. ಸೆರಂಗನ ಕೈಕೆಳಗಿನ ಟಂಡೇಲ ಎಂಬ ಹುದ್ದೆಯ ಹೆಸರು ಕಾರವಾರದ ಕಡೆ ಮನೆತನದ ಹೆಸರಾಗಿ ಈಗಲೂ ಇದೆ.

1920ರಲ್ಲಿ ಜಿನೋವಾದಲ್ಲಿ ಕೂಡಿದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಸಮ್ಮೇಳನ, ನಾವಿಕರಿಗೆ ಕೆಲಸ ಕೊಡಿಸಲು ಯಾರೂ ಹಣ ಕೀಳಬಾರದು ಎಂದು ಒಪ್ಪಂದ ಮಾಡಿತು. ಅದರ ಬೆನ್ನಿಗೆ 1922ರಲ್ಲಿ ಕ್ಲೋ ನೇತೃತ್ವದ ಸಮಿತಿ ಭಾರತದ ಬಂದರುಗಳನ್ನು ನೋಡಿ, ದಲ್ಲಾಳಿಗಳನ್ನು ತೆಗೆದು ಸರ್ಕಾರಿ ಉದ್ಯೋಗ ಕಚೇರಿ ತೆರೆಯಲು ಹೇಳಿತು. ಮುಂಬೈಯಲ್ಲೂ ಕಲ್ಕತ್ತೆಯಲ್ಲೂ ಅಂಥ ಕಚೇರಿಗಳು ನಿಜವಾಗಿ ತೆರೆದದ್ದು ಸ್ವಾತಂತ್ರ್ಯದ ನಂತರ, 1950ರ ದಶಕದಲ್ಲಿ. ನಡುವಿನ ಮೂವತ್ತು ವರ್ಷಗಳಲ್ಲಿ ಎಷ್ಟು ಸಂಸಾರಗಳ ದುಡಿಮೆ ಬಡ್ಡಿಗೆ ಹೋಗಿರಬೇಕು!

ಪರದೇಶದ ದಡದಲ್ಲಿ ಈ ಕಾಗದಕ್ಕೆ ಇನ್ನೂ ಕಡಿಮೆ ಬೆಲೆ. 1925ರಲ್ಲಿ ಬ್ರಿಟನ್ ವರ್ಣೀಯ ಪರದೇಶಿ ನಾವಿಕರ ಕುರಿತ ಆದೇಶ ಹೊರಡಿಸಿತು. ತಾನು ಬ್ರಿಟಿಷ್ ಪ್ರಜೆ ಎಂದು ದಾಖಲೆಯಿಂದ ತೋರಿಸಲಾಗದ ಕಪ್ಪು, ಕಂದು ಬಣ್ಣದ ನಾವಿಕ ಪೊಲೀಸರಲ್ಲಿ ಪರದೇಶಿಯೆಂದು ಹೆಸರು ಬರೆಸಬೇಕು. ಬ್ರಿಟಿಷ್ ಭಾರತದವರೆಲ್ಲ ಕಾನೂನಿನಂತೆ ಬ್ರಿಟಿಷ್ ಪ್ರಜೆಗಳೇ. ಆದರೆ ಖಲಾಸಿಯ ಹತ್ತಿರ ಪಾಸ್‌ಪೋರ್ಟ್ ಎಲ್ಲಿಂದ ಬರಬೇಕು? ಇದ್ದದ್ದು ಬಿಡುಗಡೆ ಪುಸ್ತಕ. ಹೆಬ್ಬೆಟ್ಟು ಸಮೇತ ಅವನ ಗುರುತನ್ನು ಹೊತ್ತ ಆ ಪುಸ್ತಕ ರಾಷ್ಟ್ರೀಯತೆಗೆ ಸಾಕ್ಷಿಯಾಗದು ಎಂದರು. ಹಡಗಿನಲ್ಲಿ ದುಡಿಸಿಕೊಳ್ಳಲು ಸಾಕಾದ ಕಾಗದ ದಡದಲ್ಲಿ ನಿಲ್ಲಲು ಸಾಲದಾಯಿತು. ಇದು ಅನ್ಯಾಯ ಎಂದು ಹೇಳಲು ನೂರು ವರ್ಷ ಕಾಯಬೇಕಿರಲಿಲ್ಲ, ಆಗಲೇ ಹೇಳಿದವರಿದ್ದರು.

ಮೈಯ ಪರೀಕ್ಷೆ ಬಂದದ್ದು ಇನ್ನೊಂದು ದಾರಿಯಿಂದ. 1867ರ ಬ್ರಿಟಿಷ್ ಕಾಯ್ದೆ ಹಡಗುಗಳಲ್ಲಿ ನಿಂಬೆರಸದ ಗುಣಮಟ್ಟಕ್ಕೆ ನಿಯಮ ಮಾಡುವಾಗಲೇ, ಒಡೆಯ ಕೇಳಿದರೆ ನಾವಿಕನನ್ನು ಬಂದರಿನ ವೈದ್ಯ ನೋಡಬಹುದು ಎಂದೂ ಸೇರಿಸಿತು. ಕೇಳಿದರೆ ಮಾತ್ರ. ಕಡ್ಡಾಯ ಪರೀಕ್ಷೆ ಮೊದಲು ಹಿಡಿದದ್ದು ಕಣ್ಣನ್ನು, ಅದಕ್ಕೆ ಕಾರಣ ದೀಪಗಳು. 1848ರಿಂದ ಬ್ರಿಟಿಷ್ ಉಗಿಹಡಗುಗಳು ರಾತ್ರಿ ಎಡಬದಿಗೆ ಕೆಂಪು, ಬಲಬದಿಗೆ ಹಸಿರು ದೀಪ ಹಚ್ಚಬೇಕೆಂದು ನಿಯಮವಾಯಿತು. ಹತ್ತು ವರ್ಷಗಳಲ್ಲಿ ಹಾಯಿಹಡಗುಗಳಿಗೂ ಅದೇ ಬಂತು. ಕತ್ತಲಲ್ಲಿ ಎದುರಿನ ಹಡಗು ಯಾವ ಕಡೆ ಸಾಗುತ್ತಿದೆ ಎಂದು ತಿಳಿಯುವುದು ಆ ಎರಡು ಬಣ್ಣಗಳಿಂದಲೇ. ಯುರೋಪಿನ ಗಂಡಸರಲ್ಲಿ ಹನ್ನೆರಡು ಮಂದಿಗೊಬ್ಬರಂತೆ ಕೆಂಪು ಹಸಿರಿನ ಭೇದ ಸರಿಯಾಗಿ ಕಾಣದವರಿದ್ದಾರೆ. ಅವರಲ್ಲಿ ಬಹಳ ಜನರಿಗೆ ಅದು ಗೊತ್ತೇ ಇರುವುದಿಲ್ಲ.

1875ರಲ್ಲಿ ಸ್ವೀಡನ್ನಿನ ಲಾಗರ್ಲುಂಡದಲ್ಲಿ ಎರಡು ರೈಲುಗಳು ಢಿಕ್ಕಿಯಾದವು. ಉಪ್ಸಾಲದ ಶರೀರಶಾಸ್ತ್ರಜ್ಞ ಫ್ರಿತ್ಯೋಫ್ ಹೋಮ್‌ಗ್ರೆನ್ ಅದಕ್ಕೆ ಬಣ್ಣಗುರುಡು ಕಾರಣವಿರಬಹುದೆಂದು ಶಂಕಿಸಿ, ಉಣ್ಣೆಯ ಎಳೆಗಳ ಪರೀಕ್ಷೆಯೊಂದನ್ನು ರೂಪಿಸಿದ. ಮೇಜಿನ ಮೇಲೆ ನಾನಾ ಬಣ್ಣದ ಉಣ್ಣೆಯ ಲಡಿಗಳ ರಾಶಿ. ಒಂದು ಲಡಿಯನ್ನು ಎತ್ತಿಟ್ಟು, ಇದಕ್ಕೆ ಹೊಂದುವುದನ್ನೆಲ್ಲ ಆರಿಸು ಎನ್ನುವುದು. ಬಣ್ಣದ ಹೆಸರು ಹೇಳಬೇಕಿಲ್ಲ, ಹಾಗಾಗಿ ಬಾಯಿಪಾಠ ಮಾಡಿಕೊಂಡು ಬರಲಾಗದು. ಬ್ರಿಟನ್ 1877ರಿಂದಲೇ ಟಿಕೆಟ್‌ಗೆ ಬರುವವರ ಬಣ್ಣದ ದೃಷ್ಟಿ ನೋಡುತ್ತಿತ್ತು, 1894ರಲ್ಲಿ ಉಣ್ಣೆಯ ಪರೀಕ್ಷೆಯನ್ನು ಅಳವಡಿಸಿಕೊಂಡಿತು. ಸಮಸ್ಯೆ ಅಲ್ಲಿಗೆ ಮುಗಿಯಲಿಲ್ಲ. ಹಗಲ ಬೆಳಕಿನಲ್ಲಿ ಉಣ್ಣೆ ಆರಿಸಿದವನು ಮಂಜಿನಲ್ಲಿ ದೂರದ ಚುಕ್ಕೆಬೆಳಕನ್ನು ತಪ್ಪಾಗಿ ಓದಬಹುದು. ಉಣ್ಣೆಯಲ್ಲಿ ಎಡವಿದವನು ಸಮುದ್ರದಲ್ಲಿ ಎಂದೂ ಎಡವದೆ ಇರಬಹುದು. ವರ್ಷಗಟ್ಟಲೆ ಹಡಗು ನಡೆಸಿದವರು ಮುಂದಿನ ಟಿಕೆಟ್‌ಗೆ ಹೋದಾಗ ಕಣ್ಣಿನಿಂದಾಗಿ ಬದುಕನ್ನೇ ಕಳೆದುಕೊಂಡರು. ಗದ್ದಲ, ಸಮಿತಿ, ವಾದಗಳಾದ ಮೇಲೆ ಕತ್ತಲ ಕೋಣೆಯಲ್ಲಿ ಪುಟ್ಟ ದೀಪಗಳನ್ನು ತೋರಿಸುವ ಲಾಂದ್ರದ ಪರೀಕ್ಷೆ ಬಂತು. 1917ರಲ್ಲಿ ಟೋಕಿಯೋದ ಶಿನೊಬು ಇಶಿಹಾರ ಪ್ರಕಟಿಸಿದ ಚುಕ್ಕೆಗಳ ಪುಸ್ತಕವನ್ನು ಇಂದು ಮಂಗಳೂರಿನ ಕಣ್ಣಿನ ಆಸ್ಪತ್ರೆಯಲ್ಲೂ ನೋಡಬಹುದು.

ಉಳಿದ ದೇಹದ ಸರದಿ ನಿಧಾನವಾಗಿ ಬಂತು. 1921ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ, ಹದಿನೆಂಟು ತುಂಬದವರು ವೈದ್ಯರ ಪತ್ರವಿಲ್ಲದೆ ಹಡಗು ಹತ್ತಬಾರದು ಎಂದಿತು. ಅದೇ ವರ್ಷದ ಇನ್ನೊಂದು ಒಪ್ಪಂದ ಕಲ್ಲಿದ್ದಲು ಎಸೆಯುವ, ಬೆಂಕಿ ಕಾಯುವ ಕೆಲಸಕ್ಕೆ ಹದಿನೆಂಟು ವರ್ಷವನ್ನು ಗೆರೆ ಮಾಡಿತು. ಅದರೊಳಗೊಂದು ವಿನಾಯಿತಿ ಸೇರಿಕೊಂಡಿತು: ಭಾರತ ಮತ್ತು ಜಪಾನಿನ ಕರಾವಳಿ ವ್ಯಾಪಾರದ ಹಡಗುಗಳಲ್ಲಿ, ವೈದ್ಯ ಗಟ್ಟಿಯೆಂದರೆ, ಹದಿನಾರರ ಹುಡುಗನೂ ಆ ಕೆಲಸ ಮಾಡಬಹುದು. ವೈದ್ಯರ ಪತ್ರ ಹುಡುಗನನ್ನು ಕಾಯಲು ಬಂದದ್ದು. ಇಲ್ಲಿ ಮಾತ್ರ ಅದೇ ಪತ್ರ ಅವನನ್ನು ಕುಲುಮೆಯ ಮುಂದೆ ನಿಲ್ಲಿಸುವ ಅನುಮತಿಯಾಯಿತು. ಎಲ್ಲ ವಯಸ್ಸಿನ ನಾವಿಕರಿಗೂ ವೈದ್ಯಕೀಯ ಪತ್ರ ಬೇಕು, ಅದು ಎರಡು ವರ್ಷಕ್ಕೆ, ಬಣ್ಣದ ದೃಷ್ಟಿಯದು ಆರು ವರ್ಷಕ್ಕೆ ಎಂಬ ಲೆಕ್ಕ ಅದೇ ಸಂಘಟನೆಯ 1946ರ ಸಿಯಾಟಲ್ ಸಮ್ಮೇಳನದ್ದು. ಅದೇ ಲೆಕ್ಕ ಈಗಲೂ ನಡೆದಿದೆ.

ಹೀಗೆ ಭಾರತದ ಖಲಾಸಿಗೆ ಚೀಟಿ, ಹೆಬ್ಬೆಟ್ಟು, ಒಪ್ಪಂದ ಎಲ್ಲ ಬಂದು ದಶಕಗಳೇ ಕಳೆದರೂ ಟಿಕೆಟ್ ದೂರವೇ ಉಳಿಯಿತು. ಕಾನೂನಿನಲ್ಲಿ ತಡೆ ಬರೆದಿರಲಿಲ್ಲ. ಪರೀಕ್ಷೆಗೆ ಕೂರಲು ಅಪ್ರೆಂಟಿಸ್ ಆಗಿ ಸಮುದ್ರದಲ್ಲಿ ವರ್ಷಗಳನ್ನು ಕಳೆದಿರಬೇಕು, ಭಾರತದ ಹುಡುಗನನ್ನು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳಲು ಬ್ರಿಟಿಷ್ ಕಂಪನಿಗಳು ತಯಾರಿರಲಿಲ್ಲ. 1919ರ ಏಪ್ರಿಲ್ 5ರಂದು ಸಿಂಧಿಯಾ ಕಂಪನಿಯ ‘ಲಾಯಲ್ಟಿ’ ಮುಂಬೈಯಿಂದ ಲಂಡನ್ನಿಗೆ ಹೊರಟಾಗ ಹಡಗಿಗೆ ಭಾರತೀಯ ಒಡೆಯರು ಸಿಕ್ಕಿದ್ದರು, ಅದನ್ನು ನಡೆಸುವ ಭಾರತೀಯ ಅಧಿಕಾರಿಗಳು ಇನ್ನೂ ಹುಟ್ಟಬೇಕಿತ್ತು. 1922ರ ಜನವರಿಯಲ್ಲಿ ಪಿ. ಎಸ್. ಶಿವಸ್ವಾಮಿ ಅಯ್ಯರ್ ಕೇಂದ್ರ ಶಾಸನಸಭೆಯಲ್ಲಿ ಈ ಮಾತೆತ್ತಿದರು. ಅದರಿಂದ ಕ್ಯಾಪ್ಟನ್ ಹೆಡ್ಲಮ್ ಅವರ ಸಮಿತಿ ಬಂತು. ಸಮಿತಿಯ ಶಿಫಾರಸಿನಂತೆ ಹಳೆಯ ಸೈನಿಕ ಸಾಗಣೆ ಹಡಗು ‘ಡಫರಿನ್’ 1927ರಲ್ಲಿ ಮುಂಬೈಯ ಮಜಗಾಂವ್ ಎದುರು ತರಬೇತಿ ಹಡಗಾಗಿ ನಿಂತಿತು. ಅದರ ಮೊದಲ ತಂಡದಲ್ಲಿದ್ದ ರಾಮದಾಸ್ ಕಟಾರಿ 1958ರಲ್ಲಿ ಭಾರತೀಯ ನೌಕಾಪಡೆಯ ಮೊದಲ ಭಾರತೀಯ ಮುಖ್ಯಸ್ಥರಾದರು. ಡಫರಿನ್ ನಂತರ 1972ರಲ್ಲಿ ‘ರಾಜೇಂದ್ರ’ ಬಂತು, 1993ರಲ್ಲಿ ಆ ಶಾಲೆ ನೀರಿನಿಂದ ನವಿ ಮುಂಬೈಯ ನೆಲಕ್ಕೆ ಬಂದು ‘ಚಾಣಕ್ಯ’ ಆಯಿತು.

ಪರೀಕ್ಷೆಯ ಕೋಣೆ ಎಲ್ಲರಿಗೂ ನ್ಯಾಯವಾಗಿತ್ತೆಂದು ಭಾವಿಸಬಾರದು. ಸ್ಕಾಟ್ಲೆಂಡಿನ ವಿಕ್ಟೋರಿಯಾ ಡ್ರಮಂಡ್ 1926ರಲ್ಲಿ ಸೆಕೆಂಡ್ ಎಂಜಿನಿಯರ್ ಟಿಕೆಟ್ ಪಡೆದಳು. ಚೀಫ್ ಎಂಜಿನಿಯರ್ ಪರೀಕ್ಷೆಗೆ 37 ಬಾರಿ ಕೂತಳೆಂದು ಅವಳ ಬದುಕಿನ ಕಥೆ ಹೇಳುತ್ತದೆ, ಪ್ರತಿ ಸಲವೂ ನಪಾಸು. 1940ರಲ್ಲಿ ಅಟ್ಲಾಂಟಿಕ್ಕಿನಲ್ಲಿ ಜರ್ಮನ್ ವಿಮಾನ ಬಾಂಬು ಹಾಕುತ್ತಿದ್ದಾಗ ‘ಬೊನಿಟಾ’ ಹಡಗಿನ ಎಂಜಿನ್ ಕೋಣೆಯಲ್ಲಿ ಒಬ್ಬಳೇ ನಿಂತು ಹಡಗನ್ನು ಓಡಿಸಿ ಉಳಿಸಿದವಳು ಇವಳೇ, ಅದಕ್ಕೆ ಅರಸನಿಂದ ಪದಕವೂ ಬಂತು. ಚೀಫ್ ಎಂಜಿನಿಯರ್ ಪತ್ರವನ್ನು ಅವಳಿಗೆ ಕೊಟ್ಟದ್ದು ಪನಾಮಾ ದೇಶ. ಬ್ರಿಟನ್ ಕೊಡಲಿಲ್ಲ. ಕೇರಳದ ಕೊಡುಂಗಲ್ಲೂರಿನ ರಾಧಿಕಾ ಮೆನನ್ ಭಾರತದ ವ್ಯಾಪಾರಿ ಹಡಗಿನ ಮೊದಲ ಮಹಿಳಾ ಕಪ್ತಾನರಾಗಲು 21ನೇ ಶತಮಾನವೇ ಬರಬೇಕಾಯಿತು. ಬಂಗಾಳಕೊಲ್ಲಿಯ ಅಲೆಗಳ ನಡುವೆ ಏಳು ಮೀನುಗಾರರನ್ನು ಉಳಿಸಿದ್ದಕ್ಕೆ 2016ರಲ್ಲಿ ಅಂತರರಾಷ್ಟ್ರೀಯ ಕಡಲ ಸಂಸ್ಥೆ ಅವರಿಗೆ ಶೌರ್ಯ ಪ್ರಶಸ್ತಿ ಕೊಟ್ಟಿತು.

ಒಂದು ದೇಶದ ಟಿಕೆಟ್ ಇನ್ನೊಂದರದ್ದಕ್ಕೆ ಸಮವೇ ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಒತ್ತಡ ಬಂದದ್ದು ತೈಲ ಸೋರಿದ ಮೇಲೆ. 1967ರ ಮಾರ್ಚಿನಲ್ಲಿ ‘ಟೋರಿ ಕ್ಯಾನ್ಯನ್’ ಎಂಬ ತೈಲ ಹಡಗು ಇಂಗ್ಲೆಂಡಿನ ನೈಋತ್ಯದ ಬಂಡೆಗೆ ಬಡಿದು ಕಡಲು ಕಪ್ಪಾಯಿತು. ಆ ಅಪಘಾತ ಎಬ್ಬಿಸಿದ ಚರ್ಚೆಗಳಿಂದ, ನಾವಿಕರ ತರಬೇತಿಗೆ ಎಲ್ಲ ದೇಶಗಳಿಗೂ ಒಂದೇ ಅಳತೆ ಹಾಕುವ 1978ರ ಒಪ್ಪಂದ ಹುಟ್ಟಿತು. 1995ರಲ್ಲಿ, ಮತ್ತೆ 2010ರಲ್ಲಿ ಮನಿಲಾದಲ್ಲಿ ಅದನ್ನು ಬಿಗಿಮಾಡಿದರು. ಅಳತೆ ಬಿಗಿಯಾದಂತೆ ಕಳ್ಳಪತ್ರಗಳೂ ಹೆಚ್ಚಿದವು. ಕಾರ್ಡಿಫ್‌ನ ಸಂಶೋಧಕರು 2001ರಲ್ಲಿ ಕಡಲ ಸಂಸ್ಥೆಗೆ ಕೊಟ್ಟ ವರದಿಯಲ್ಲಿ 12 ಸಾವಿರಕ್ಕೂ ಹೆಚ್ಚು ನಕಲಿ ಪತ್ರಗಳ ಪ್ರಕರಣ ಕಂಡವು. ಕಾನ್ರಾಡ್ ಹಿಗ್ಗಿಸಿ ಬರೆದ ಸೇವಾವಧಿ ಅವುಗಳ ಮುಂದೆ ತೀರ ಸಣ್ಣದು. ಅವನಾದರೂ ಪರೀಕ್ಷೆಯನ್ನು ತಾನೇ ಬರೆದಿದ್ದ.

ಇಂದು ಕುಂದಾಪುರದ್ದೋ ಭಟ್ಕಳದ್ದೋ ಹುಡುಗನೊಬ್ಬ ಹಡಗಿಗೆ ಹೋಗಬೇಕೆಂದರೆ, 1949ರಿಂದ ಇರುವ ಶಿಪ್ಪಿಂಗ್ ಮಹಾನಿರ್ದೇಶನಾಲಯದಲ್ಲಿ ಮೊದಲು ತನ್ನ ಹೆಸರಿನ ಸಂಖ್ಯೆ ಪಡೆಯಬೇಕು. ನೀರಿನಲ್ಲಿ ಜೀವ ಉಳಿಸಿಕೊಳ್ಳುವುದು, ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ, ಹಡಗಿನ ಸುರಕ್ಷತೆ ಈ ನಾಲ್ಕನ್ನು ಕಲಿಯಬೇಕು. ನಿರ್ದೇಶನಾಲಯ ಒಪ್ಪಿದ ವೈದ್ಯರೇ ಅವನನ್ನು ನೋಡಬೇಕು. ವೈದ್ಯರು ಆಗದು ಎಂದರೆ ಇನ್ನೊಬ್ಬ ಸ್ವತಂತ್ರ ವೈದ್ಯರ ಬಳಿ ಮತ್ತೆ ಪರೀಕ್ಷೆ ಕೇಳುವ ಹಕ್ಕು ಅವನಿಗಿದೆ. ಉಣ್ಣೆಯ ಲಡಿಗಳಲ್ಲಿ ಬದುಕು ಕಳೆದುಕೊಂಡವರಿಗೆ ಆ ಹಕ್ಕು ಇದ್ದಿದ್ದರೆ ಎಷ್ಟೋ ಮನೆಗಳು ಉಳಿಯುತ್ತಿದ್ದವು. 2020ರ ಜನವರಿಯಲ್ಲಿ ಭಾರತ ಮುಖದ ಗುರುತನ್ನು ಚಿಪ್‌ನಲ್ಲಿ ಹೊತ್ತ ನಾವಿಕರ ಗುರುತಿನ ಚೀಟಿ ಕೊಡಲು ಆರಂಭಿಸಿತು. ಮುಖ, ಬೆರಳಚ್ಚು ತೆಗೆದುಕೊಳ್ಳುವ ಒಂಬತ್ತು ಕೇಂದ್ರಗಳಲ್ಲಿ ನವ ಮಂಗಳೂರು ಒಂದು. ಮುಂಬೈ ರೈಲು ಹತ್ತದೆ, ಛತ್ರದಲ್ಲಿ ಕಾಯದೆ ಕರಾವಳಿಯ ಹುಡುಗ ಆ ಚೀಟಿಗೆ ಅಲ್ಲೇ ಬೆರಳು ಒತ್ತಬಹುದು.

ದಲ್ಲಾಳಿ ಪೂರ್ತಿ ಹೋಗಿಲ್ಲ. ಘಾಟ್ ಸೆರಂಗನ ಜಾಗದಲ್ಲಿ ಈಗ ಮೊಬೈಲಿನಲ್ಲಿ ಕರೆಮಾಡಿ ಲಕ್ಷಗಟ್ಟಲೆ ಕೇಳುವ, ಪರವಾನಗಿಯಿಲ್ಲದ ಏಜೆಂಟರಿದ್ದಾರೆ. ಹೊಲ ಅಡವಿಟ್ಟು ಹಣ ಕೊಡುವ ಮುನ್ನ ಕರಾವಳಿಯ ತಂದೆತಾಯಿಗಳು ಒಂದು ನಿಯಮ ತಿಳಿದಿರಬೇಕು. ಭಾರತ 2015ರಲ್ಲಿ ಒಪ್ಪಿಕೊಂಡ ಕಡಲ ಕಾರ್ಮಿಕ ಒಪ್ಪಂದದ ಪ್ರಕಾರ, ಕೆಲಸ ಕೊಡಿಸಿದ್ದಕ್ಕೆ ನಾವಿಕನಿಂದ ಯಾರೂ ಒಂದು ಪೈಸೆ ಪಡೆಯುವಂತಿಲ್ಲ. ಅವನು ಕೈಯಿಂದ ಹಾಕಬೇಕಾದದ್ದು ವೈದ್ಯಕೀಯ ಪತ್ರ, ನಾವಿಕರ ಪುಸ್ತಕ, ಪಾಸ್‌ಪೋರ್ಟಿನಂಥ ಪ್ರಯಾಣ ದಾಖಲೆ, ಇವುಗಳ ವೆಚ್ಚ ಮಾತ್ರ. ವೀಸಾದ ಖರ್ಚು ಕೂಡ ಹಡಗಿನ ಒಡೆಯನದೇ.